ಸಕ್ಕರೆ ಬಿಟ್ಟ ಕೂಸುಗಳು

ನಿನಗೆ ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ ಹಿಮಬಿಂದು, "ಮನೆಯಲ್ಲಿ ಒಂದು, ಕೆಲಸದಲ್ಲಿ ಕೆಲವು ಲಕ್ಷ" ಅನ್ನುತ್ತಿದ್ದಳು. ಕೇಳಿದವರು ಪಿಳಿಪಿಳಿ ನೋಡುವಷ್ಟರಲ್ಲಿ ತಾನೇ ಕಿಸಕ್ಕನೆ ನಕ್ಕುಬಿಡುತ್ತಿದ್ದಳು.

ಮನೆಯ ಕೂಸು ತೇಜ. ಎಂಟನೇ ತಿಂಗಳು, ಅಂಬೆಗಾಲಿನ ಉತ್ಸಾಹದಲ್ಲಿ ಮೂಗು ನೆಲಕ್ಕೆ ಉಜ್ಜಿ ಕೆಂಪಾಗಿತ್ತು. ಕೆಲಸದ ಕೂಸುಗಳು ಹೃದಯದ ಜೀವಕೋಶಗಳು. ವಿಶಾಖಪಟ್ಟಣದ ಒಂದು ಔಷಧ ಕಂಪನಿಯ ಪ್ರಯೋಗಾಲಯದಲ್ಲಿ, ಮೈಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯೊಳಗೆ, ಅಂಗೈಯಗಲದ ತಟ್ಟೆಗಳಲ್ಲಿ ಅವು ಬೆಳೆಯುತ್ತಿದ್ದವು. ಸುತ್ತ ಮೈಯಿಲ್ಲ, ಎದೆಗೂಡಿಲ್ಲ, ಪ್ರೀತಿಸಲು ಹೆದರಲು ಯಾರೂ ಇಲ್ಲ. ಆದರೂ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಸಾಕು, ತಟ್ಟೆಗೆ ತಟ್ಟೆಯೇ ಮಿಡಿಯುತ್ತಿತ್ತು. ಮೊದಲ ಸಲ ಅದನ್ನು ಕಂಡ ದಿನ ಹಿಮಬಿಂದು ಅರ್ಧ ತಾಸು ನಕ್ಕಿದ್ದಳು. ಜೊತೆಯವರು ನೀರು ಕುಡಿಸಿ ಕೂರಿಸಿದ್ದರು.

ನಗುವುದು ಅವಳಿಗೆ ಹುಟ್ಟಿನಿಂದ ಬಂದದ್ದು. ಅವಳ ಅಪ್ಪ ಗದಗಿನವರು, ಬ್ಯಾಂಕಿನ ವರ್ಗಾವಣೆಯ ಮೇಲೆ ಭೀಮುನಿಪಟ್ಟಣಕ್ಕೆ ಬಂದವರು, ಅಲ್ಲಿನ ಹೆಡ್‌ಮಾಸ್ತರರ ಮಗಳು ಸೀತಾಮಹಾಲಕ್ಷ್ಮಿಯನ್ನು ಮದುವೆಯಾಗಿ ಸಮುದ್ರದ ಗಾಳಿ ಬಿಟ್ಟು ಹೋಗಲಾರೆ ಎಂದು ಬಡ್ತಿಗಳನ್ನೆಲ್ಲ ನಿರಾಕರಿಸಿದರು. ಮನೆಯಲ್ಲಿ ಗದಗಿನ ಕನ್ನಡ, ಬೀದಿಯಲ್ಲಿ ತೆಲುಗು. ಹಿಮಬಿಂದು ಬೈಯುವುದು ತೆಲುಗಿನಲ್ಲಿ, ಮುದ್ದಿಸುವುದು ಕನ್ನಡದಲ್ಲಿ. ಹುಬ್ಬಳ್ಳಿಯಿಂದ ಹೆಣ್ಣು ನೋಡಲು ಬಂದವರು ಹಾಡು ಹೇಳು ಎಂದಾಗ ಪಲ್ಲವಿಯ ಎರಡನೇ ಸಾಲಿಗೇ ಅವಳಿಗೆ ನಗು ಬಂತು. ಹುಡುಗ ಶ್ರೀವತ್ಸನಿಗೂ ಬಂತು. ಅವನ ತಾಯಿ ವಿಜಯಲಕ್ಷ್ಮೀ ತಟ್ಟೆ ಕೆಳಗಿಟ್ಟು, "ಇಬ್ಬರೂ ಒಂದ ಥರ ಹುಚ್ಚು ಅದಾವ. ಮುಹೂರ್ತ ಇಡ್ರಿ" ಅಂದುಬಿಟ್ಟರು.

ಈಗ ಶ್ರೀವತ್ಸ ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರದ ಬ್ಯಾಂಕಿನಲ್ಲಿ ಅಧಿಕಾರಿ. ಶನಿವಾರ ಬಂದು ಭಾನುವಾರ ಹೋಗುವ ಗಂಡ. ಹಿಮಬಿಂದು, ಈಗ ವಿಶಾಖಪಟ್ಟಣಕ್ಕೇ ಬಂದು ನೆಲೆಸಿದ ತವರಿನಲ್ಲಿ. ತೇಜನನ್ನು ನೋಡಿಕೊಳ್ಳಲು ತಾಯಿ ಇದ್ದರು. ಸಾಲದು ಎಂದು ಅತ್ತೆಯೂ ಹುಬ್ಬಳ್ಳಿಯಿಂದ ಬಂದು ನೆಲೆಸಿದ್ದರು. ಒಂದು ಕೂಸು, ಎರಡು ಅಜ್ಜಿ. ಮಗು ಅತ್ತರೆ ಎತ್ತಿಕೊಳ್ಳುವವರಲ್ಲೇ ಜಗಳ.

ಇಷ್ಟೆಲ್ಲ ನಗುವಿನ ಮಧ್ಯೆ ಒಂದು ಮುಳ್ಳು ನೆಟ್ಟಿತ್ತು. ಅದು ಅಚ್ಯುತಾಪುರಂ.

ಕಂಪನಿಯವರಿಗೆ ಈ ಜೀವಕೋಶಗಳು ಬೇಕಾಗಿದ್ದದ್ದು ಹೊಸ ಔಷಧಗಳಿಂದ ಹೃದಯಕ್ಕೆ ಪೆಟ್ಟಾಗುತ್ತದೆಯೇ ಎಂದು ಮೊದಲೇ ನೋಡಲಿಕ್ಕೆ. ಅದಕ್ಕೆ ಅವು ದೊಡ್ಡವರ ಹೃದಯದಂತೆ ನಡೆದುಕೊಳ್ಳಬೇಕು. ಹಿಮಬಿಂದುವಿನವು ದೊಡ್ಡವಾಗಲು ಒಲ್ಲೆನ್ನುತ್ತಿದ್ದವು. ಸಣ್ಣ ವಿದ್ಯುತ್ತಿನಿಂದ ಚುಚ್ಚಿ ಬೇಗ ಬಡಿಸಿದರೆ ಸ್ವಲ್ಪ ಹೊತ್ತು ಓಡಿ, ಸಿಂಹಾಚಲದ ಮೆಟ್ಟಿಲು ಹತ್ತಿದ ಮುದುಕರಂತೆ ಏದುಸಿರು ಬಿಟ್ಟು ಕುಸಿಯುತ್ತಿದ್ದವು. ವಿಜಯವಾಡದಲ್ಲಿ ಕೂರುವ ಮೇಲಧಿಕಾರಿ ಚಂದ್ರಮೌಳಿ ಫೋನಿನಲ್ಲಿ ನೇರವಾಗಿ ಹೇಳಿದ್ದರು: "ಮುಂದಿನ ತಿಂಗಳು ನಾನೇ ಬಂದು ಓಡಿಸಿ ನೋಡುತ್ತೇನಮ್ಮಾ. ಓಡಿದರೆ ಸರಿ. ಕುಸಿದರೆ ಆ ಪೆಟ್ಟಿಗೆ ಆರಿಸಿ, ನಿಮ್ಮನ್ನು ಅಚ್ಯುತಾಪುರಂ ಫ್ಯಾಕ್ಟರಿಗೆ ಹಾಕುತ್ತೇನೆ. ಅಲ್ಲಿ ಮಾತ್ರೆ ಪರೀಕ್ಷೆಗೆ ಜನ ಬೇಕು."

ಅಚ್ಯುತಾಪುರಂ ಬಸ್ಸು ಬೆಳಗಾಗುವ ಮುಂಚೆ ಹೊರಡುತ್ತದೆ, ದೀಪ ಹಚ್ಚಿದ ಮೇಲೆ ಮರಳುತ್ತದೆ. ಪ್ರಯೋಗಾಲಯದಿಂದಾದರೆ ಮಧ್ಯಾಹ್ನ ಮನೆಗೆ ಓಡಿಬಂದು ಹಾಲೂಡಿಸಿ ಹೋಗಬಹುದಿತ್ತು. ಅಲ್ಲಿಂದ ಹೇಗೆ ಬರುವುದು? ಹಿಮಬಿಂದು ಲೆಕ್ಕ ಹಾಕಿ ನೋಡಿದಳು. ಉಳಿದದ್ದು ಎರಡೇ ದಾರಿ: ತೇಜನಿಗೆ ಎದೆಹಾಲು ಬಿಡಿಸಬೇಕು, ಇಲ್ಲವೇ ಕೆಲಸ ಬಿಡಬೇಕು. ಎರಡೂ ಅವಳಿಗೆ ಬೇಡವಾಗಿತ್ತು.

ಆದ್ದರಿಂದ ಅವಳು ಜೀವಕೋಶಗಳಿಗೆ ಊಟ ಬದಲಿಸಿದಳು. ಅಷ್ಟು ದಿನ ಅವಕ್ಕೆ ಸಕ್ಕರೆ ತುಂಬಿದ ಪೋಷಕ ದ್ರವ ಸಿಗುತ್ತಿತ್ತು. ಈಗ ಸಕ್ಕರೆ ಚಿಟಿಕೆಯಷ್ಟು, ಉಳಿದದ್ದು ಕೊಬ್ಬಿನಂಶ. ಆದರೆ ಎರಡು ವಾರ ಕಳೆದರೂ ಹಾಕಿದ ಕೊಬ್ಬು ಹಾಕಿದಷ್ಟೇ ಉಳಿದಿತ್ತು. ತಿನ್ನುತ್ತಿರಲಿಲ್ಲ. ತಿನ್ನದೆ ಸಾಯುತ್ತಲೂ ಇರಲಿಲ್ಲ.

"ಏಮಮ್ಮಾ, ನಿನ್ನ ಪಿಲ್ಲಲು, ಈ ಕೂಸುಗಳು, ಈವತ್ತೂ ಉಪವಾಸವಾ?" ಎಂದು ಬಾಬ್ಜಿ ಕೇಳುತ್ತಿದ್ದ. ಐವತ್ತು ದಾಟಿದ ಎತ್ತರದ ಮನುಷ್ಯ, ಪೆಟ್ಟಿಗೆಗಳ ಬಿಸಿ ನೋಡಿಕೊಳ್ಳುವವನು. ಪಕ್ಕದ ಮೇಜಿನ ಮಾಧವೀಲತಾ ಸೂಕ್ಷ್ಮದರ್ಶಕದಿಂದ ಕಣ್ಣೆತ್ತಿ, "ಅಯ್ಯೋ, ಮುಖ ಹೇಗೆ ಬಾಡಿವೆ ನೋಡು" ಎಂದು ಲೊಚಗುಟ್ಟುತ್ತಿದ್ದಳು.

"ಅವಕ್ಕೆ ಮುಖ ಎಲ್ಲಿದೆಯೇ?"

"ತಾಯಿಗೆ ಕಾಣಿಸಬೇಕು ಕದಾ, ಅಲ್ಲವಾ! ನಮಗೇ ಕಾಣಿಸುತ್ತದೆ, ನಿನಗೆ ಕಾಣಿಸಲ್ಲ ಅಂದರೆ!"

ಹಿಮಬಿಂದುವಿಗೆ ಕಾಣಿಸುತ್ತಿರಲಿಲ್ಲ ಎಂದಲ್ಲ. ಶುಕ್ರವಾರ ಸಂಜೆ ಹೊರಡುವ ಮುನ್ನ ಮಿಡಿತ ನಿಧಾನವಾದದ್ದು ಕಂಡು ತಡೆಯಲಾರದೆ, ಹಳೆಯ ಸೀಸೆಯ ಸಕ್ಕರೆ ದ್ರವ ಸ್ವಲ್ಪವೇ ಸ್ವಲ್ಪ ಬೆರೆಸಿದಳು. ಇಷ್ಟರಿಂದ ಏನಾದೀತು? ವಾರವಿಡೀ ಉಪವಾಸವಿದ್ದ ಕೂಸುಗಳು. "ತಿನ್ರಪ್ಪಾ ನನ್ನ ಬಂಗಾರಗಳಾ" ಎಂದು ಮುಚ್ಚಳ ಮುಚ್ಚಿ ಮನೆಗೆ ಬಂದಳು.

ಮನೆಯಲ್ಲೂ ಅದೇ ಕಥೆ ನಡೆದಿತ್ತು. ತೇಜ ಕೆಲವು ದಿನಗಳಿಂದ ಹಾಲಿಗೆ ಬಾಯಿ ಹಾಕಿದರೆ ಎರಡು ಗುಟುಕು ಕುಡಿದು, ಮುಖ ತಿರುಗಿಸಿ ಫ್ಯಾನು ನೋಡುತ್ತಿದ್ದ. ಜ್ವರವಿಲ್ಲ, ಹಲ್ಲಿಲ್ಲ. ತೂಗಿದರೆ ತೂಕ ಏರಿತ್ತು, ಕೆನ್ನೆ ಬನ್ನಿನಂತಿತ್ತು.

"ಕುಡಿಯಲ್ಲ, ಆದ್ರ ಉಬ್ಬತಾನ. ಗಾಳಿ ತಿಂತಾನೇನು?" ಎಂದಳು ಹಿಮಬಿಂದು.

"ದೃಷ್ಟಿ ಅಮ್ಮಾ ದೃಷ್ಟಿ" ಎಂದರು ಸೀತಾಮಹಾಲಕ್ಷ್ಮಿ, ಬೇರೆಲ್ಲೋ ನೋಡುತ್ತ.

"ಸಮುದ್ರದ ಗಾಳಿಗೆ ಹಂಗ ಆಗ್ತದ" ಎಂದರು ವಿಜಯಲಕ್ಷ್ಮೀ. ಅವರು ಕೂಡ ಬೇರೆಲ್ಲೋ ನೋಡುತ್ತಿದ್ದರು.

ಮರುದಿನ ಶನಿವಾರ ಮಧ್ಯಾಹ್ನದ ರೈಲಿಗೆ ಎಲ್ಲರೂ ವಿಜಯವಾಡಕ್ಕೆ ಹೊರಟರು. ಭಾನುವಾರ ಶ್ರೀವತ್ಸನ ಫ್ಲಾಟಿನಲ್ಲಿ ತೇಜನ ಅನ್ನಪ್ರಾಶನ. ಅಮ್ಮ ಸೀತಾಮಹಾಲಕ್ಷ್ಮಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ತುನಿ ಸ್ಟೇಷನ್ ಬರುವಷ್ಟರಲ್ಲಿ ತೂಕಡಿಸಿದರು. ಅತ್ತೆ ಚುರುಮುರಿಯ ಪೊಟ್ಟಣ ಬಿಚ್ಚಿ, "ಅಲ್ಲವಾ ಹಿಮಾ, ನೀ ಅಲ್ಲಿ ಮಾಡೂದಾದ್ರೂ ಏನು? ಬೀಗರು ಕೇಳಿದ್ರ ನಾ ಹೃದಯ ಬೆಳಸ್ತಾಳ ಅಂತೀನಿ. ಟೊಮೆಟೊ ಬೆಳಸ್ತಾಳ ಅಂದಂಗ ಕೇಳಸ್ತದ" ಎಂದರು.

ಹಿಮಬಿಂದು ನಕ್ಕು ನಕ್ಕು ಸುಸ್ತಾದ ಮೇಲೆ ಹೇಳತೊಡಗಿದಳು. "ಅತ್ತಿ, ಹೃದಯದ ಜೀವಕೋಶಕ್ಕ ಉಗ್ರಾಣ ಅನ್ನೂದ ಇಲ್ಲ. ಕೈಯಾಗ ಇರೂ ಶಕ್ತಿ ನಾಕಾರು ಬಡಿತಕ್ಕ ಮುಗದು ಹೋಗ್ತದ. ಆದ್ರ ಹುಟ್ಟಿದಾಗಿಂದ ಸಾಯೂತನಕ ನಿಲ್ಲಂಗಿಲ್ಲ. ಆಗಿಂದಾಗ ಬೇಯಿಸಬೇಕು, ಆಗಿಂದಾಗ ಬಡಸಬೇಕು."

"ಮದುವಿ ಮನಿ ಪಂಕ್ತಿ ಇದ್ದಂಗ."

"ಹೌದು! ಜೀವಕೋಶದೊಳಗ ಸಣ್ಣ ಸಣ್ಣ ಒಲಿ ಅದಾವ, ಮೈಟೊಕಾಂಡ್ರಿಯ ಅಂತ. ಪ್ರತಿ ಬಡಿತಕ್ಕೂ ಕ್ಯಾಲ್ಸಿಯಂ ನುಗ್ಗಿ ಬಂದು 'ಬಡಿ' ಅಂತದ. ಅದ ಕ್ಯಾಲ್ಸಿಯಂ ಸ್ವಲ್ಪ ಒಲಿಯೊಳಗೂ ಹೊಕ್ಕು 'ಉರಿ ಹೆಚ್ಚಸು' ಅಂತದ. ಎರಡು ಸಲ ಕೂಗೂದಿಲ್ಲ."

"ನಮ್ಮ ಮನಿಯೊಳಗ ಪಂಕ್ತಿಯಾಗ ನಿಂತು 'ಅನ್ನ ಬರ್ಲೀ' ಅಂತ ಒಬ್ಬರು ಕೂಗಿದ್ರ ಬಡಿಸಾವ ಓಡ್ತಾನ, ಒಳಗ ಅಡಗಿಯಾವನೂ ಸೌದಿ ದೂಡ್ತಾನ. ಹಂಗೇನು?"

"ಹಂಗ. ಜನ ಹೆಚ್ಚು ಬಂದಷ್ಟೂ ಕೂಗು ಹೆಚ್ಚು, ಕೂಗು ಹೆಚ್ಚಾದಷ್ಟೂ ಉರಿ ಹೆಚ್ಚು."

"ಮತ್ತ ನಿನ್ನ ಕೂಸುಗಳಿಗೇನ ಧಾಡಿ?"

"ಅವು ಇನ್ನೂ ಕೂಸ ಅದಾವ. ಹೊಟ್ಟಿಯೊಳಗಿನ ಮಗುವಿನ ಹೃದಯ ಹೆಚ್ಚಾಗಿ ಸಕ್ಕರಿ ಸುಡತದ. ಹುಟ್ಟಿ ತಾಯಿ ಹಾಲು ಕುಡದ ಮ್ಯಾಲೆ, ಹಾಲಿನಾಗಿನ ಕೊಬ್ಬು ಸುಡೂದು ಕಲೀತದ. ಆಮ್ಯಾಲೆ ಒಲಿ ಹೆಚ್ಚತಾವ, ದಣಿವು ಇಲ್ಲದಂಗ ಬಡಿತದ. ನನ್ನವು ಹಟ ಹಿಡಕೊಂಡು ಕುಂತಾವ. ಸಕ್ಕರಿ ಕೈಗೆ ಸಿಗತಿರೂತನಕ ಅವು ಕೊಬ್ಬಿನ ಬಾಗಲಾ ತೆಗಿಯಂಗಿಲ್ಲ. ನಾ ಸಕ್ಕರಿ ಕೊಡಂಗಿಲ್ಲ, ಆದ್ರೂ ತೆಗೀವಲ್ಲವು."

ಕೊನೆಯ ಮಾತಿಗೆ ಶುಕ್ರವಾರದ ನೆನಪು ಚುಚ್ಚಿತು. ಅಷ್ಟು ಸಣ್ಣದು ಲೆಕ್ಕಕ್ಕಿಲ್ಲ ಎಂದು ಕೊಡವಿಕೊಂಡಳು. ಅತ್ತೆ ಯಾಕೋ ಸೆರಗಿನ ಗಂಟು ಬಿಗಿ ಮಾಡಿಕೊಂಡರು. ರೈಲು ಗೋದಾವರಿಯ ಸೇತುವೆಗೆ ಬಂತು. ಬೋಗಿಯಲ್ಲಿದ್ದವರೆಲ್ಲ ನದಿಗೆ ಕೈ ಮುಗಿದರು. ಹಿಮಬಿಂದು ಕೈ ಮುಗಿಯುವಾಗ ತಪ್ಪದೆ ಅಚ್ಯುತಾಪುರಂ ಬೇಡ ಎಂದು ಬೇಡಿಕೊಂಡಳು.

ಭಾನುವಾರ ಶ್ರೀವತ್ಸನ ಫ್ಲಾಟಿನ ತುಂಬ ಜನ, ಕೆಳಗೆ ಬೆಂಜ್ ಸರ್ಕಲ್‌ನ ಹಾರ್ನುಗಳ ಮಂಗಳವಾದ್ಯ. ಪಂಚೆಯುಟ್ಟ ಶ್ರೀವತ್ಸ ಬೆಳ್ಳಿ ಬಟ್ಟಲಿನ ಪಾಯಸವನ್ನು ಉಂಗುರದ ತುದಿಯಿಂದ ಮಗನ ತುಟಿಗೆ ತಾಗಿಸಿದ. ತೇಜ ಬಾಯಿ ಬಿಗಿದ. ಸೋದರಮಾವನ ಸ್ಥಾನದಲ್ಲಿ ಕೂತ ಹಿಮಬಿಂದುವಿನ ಅಪ್ಪ ಕೂಡ ಚಮಚೆ ಚಾಚಿ ನೋಡಿದರು. ತೇಜ ಬ್ಯಾಂಕ್ ಮ್ಯಾನೇಜರನಂತೆ ತಲೆಯಾಡಿಸಿ ನಿರಾಕರಿಸಿದ. ಹಿಮಬಿಂದು ಪ್ರಯತ್ನಿಸಿದಾಗ ಪಾಯಸ ಅವಳ ಮೂಗಿಗೇ ಬಂತು.

"ಮೊದಲ ಅನ್ನಕ್ಕೇ ಹೀಗಾ? ಒಳ್ಳೆಯದಲ್ಲ ಕದಾ" ಎಂದು ಯಾರೋ ಪಿಸುಗುಟ್ಟಿದರು.

ವಾತಾವರಣ ತಿಳಿಮಾಡಲು ಅಮ್ಮ ಮುಂದಿನ ಶಾಸ್ತ್ರಕ್ಕೆ ಅವಸರ ಮಾಡಿದರು. ಆಂಧ್ರದ ಮನೆಗಳಲ್ಲಿ ಅನ್ನಪ್ರಾಶನದ ದಿನ ಮಗುವಿನ ಮುಂದೆ ಪುಸ್ತಕ, ಪೆನ್ನು, ಚಿನ್ನದ ಸರ, ಹೂವು, ಚಾಕು ಎಲ್ಲ ಹರಡಿ ಕೂರಿಸುತ್ತಾರೆ. ಮಗು ಅಂಬೆಗಾಲಿಕ್ಕಿ ಹೋಗಿ ಯಾವುದನ್ನು ಹಿಡಿಯುತ್ತದೋ ಅದೇ ಅದರ ಮುಂದಿನ ಬದುಕು. ಎಲ್ಲರೂ ಮೊಬೈಲು ಎತ್ತಿ ಹಿಡಿದರು.

ತೇಜ ಪುಸ್ತಕವನ್ನು ತುಳಿದ. ಪೆನ್ನನ್ನು ಉರುಳಿಸಿದ. ಚಿನ್ನದ ಮೇಲೆ ಜೊಲ್ಲು ಸುರಿಸಿ ಮುಂದೆ ಹೋದ. ಸಾಮಾನುಗಳ ಸಾಲು ದಾಟಿ, ನೆರೆದವರ ಕಾಲುಗಳ ನಡುವೆ ನುಸುಳಿ, ಮೂಲೆಯಲ್ಲಿ ಕೂತಿದ್ದ ವಿಜಯಲಕ್ಷ್ಮೀಯ ಮಡಿಲಿಗೆ ನೆಟ್ಟಗೆ ಹೋಗಿ ಸೆರಗಿನ ಗಂಟು ಹಿಡಿದು ಎಳೆದ. ಗಂಟು ಬಿಚ್ಚಿತು. ಒಳಗಿಂದ ಜಜ್ಜಿಹೋದ ಬಾಳೆಹಣ್ಣಿನ ಅರ್ಧ ತುಂಡು ಬಿತ್ತು. ತೇಜ ಅದನ್ನು ಗಬಕ್ಕನೆ ಬಾಯಿಗಿಟ್ಟುಕೊಂಡು, ಬಹಳ ದಿನದ ಅಭ್ಯಾಸವಿದ್ದವನಂತೆ ಚಪ್ಪರಿಸಿದ.

ಎತ್ತಿ ಹಿಡಿದ ಮೊಬೈಲುಗಳೆಲ್ಲ ವಿಜಯಲಕ್ಷ್ಮೀಯ ಕಡೆ ತಿರುಗಿದವು.

"ವದಿನಗಾರೂ!" ಎಂದು ಅಮ್ಮ ಬೀಗತಿಯ ಮೇಲೆ ಹಾರಿದರು. "ಮಗುವಿಗೆ ಅನ್ನಪ್ರಾಶನದ ಮೊದಲೇ ಹಣ್ಣಾ?"

"ಒಂದೀಟರೀ! ಬೆರಳ ತುದಿಗೆ!" ವಿಜಯಲಕ್ಷ್ಮೀ ಕೆಂಪಾದರು, ಆಮೇಲೆ ಸೆಟೆದು ಕೂತರು. "ಅಯ್ಯ ನನ್ನವ್ವಾ, ನೀವೇನ ಕಮ್ಮಿ? ದಿನಾ ಮಧ್ಯಾಹ್ನ ಹಿತ್ತಲ ಬಾಗಲಾ ಹಾಕ್ಕೊಂಡು ಖರ್ಜೂರದ ನೀರು ನೆಕ್ಕಸೂದು ನನಗ ಗೊತ್ತಿಲ್ಲೇನು? ಕೂಸಿನ ಬಾಯಿ ವಾಸನಿ ನೋಡಿದ್ರ ಗೊತ್ತಾಗತಿತ್ತು!"

"ಅದು ಔಷಧಿ!"

"ಮತ್ತ ನಂದು ಪ್ರಸಾದ!"

ಶ್ರೀವತ್ಸ ಪಂಚೆ ಸರಿಪಡಿಸಿಕೊಳ್ಳುತ್ತ, "ನಾನೂ... ಶನಿವಾರ ಬಂದಾಗ... ಪೂತರೇಕು, ಸಕ್ಕರಿ ಮಿಠಾಯಿ. ಹಾಳೆಯಷ್ಟು ತೆಳ್ಳಗಿರತದ, ಹೊಟ್ಟಿ ಮುಟ್ಟೂದ ಇಲ್ಲ ಅಂತ..." ಎಂದ.

ಹಿಮಬಿಂದುವಿಗೆ ನಗು ಉಕ್ಕಿತು. ಮೂವರೂ ಬೇರೆ ಬೇರೆ, ಯಾರಿಗೂ ಹೇಳದೆ, ಸ್ವಲ್ಪವೇ ಸ್ವಲ್ಪ. ಹಸಿದ ಬಾಯಿ ಕಂಡರೆ ಕೈ ಸುಮ್ಮನಿರದ ಜನ. ಹೀಗಿರುವಾಗ ಹುಡುಗನಿಗೆ ಹಸಿವು ಎಲ್ಲಿಂದ ಬರಬೇಕು, ಹಾಲು ಯಾಕೆ ಬೇಕು? ಕುಡಿಯಲ್ಲ, ಆದರೆ ಉಬ್ಬುತ್ತಾನೆ. ತಿನ್ನಲ್ಲ, ಆದರೆ ಸಾಯಲ್ಲ.

ನಗು ಅರ್ಧಕ್ಕೆ ನಿಂತಿತು. ಮೂಗಿನ ಮೇಲಿನ ಪಾಯಸ ಹಾಗೆಯೇ ಇರಲು, ಅವಳು ಬಾಲ್ಕನಿಗೆ ಓಡಿ ಬಾಬ್ಜಿಗೆ ಫೋನು ಮಾಡಿದಳು. ಭಾನುವಾರ ಅವನದೇ ಪಾಳಿ.

"ಬಾಬ್ಜಿಗಾರು, ನಿಜ ಹೇಳಿ. ನನ್ನ ತಟ್ಟೆಗಳಿಗೆ ಸಕ್ಕರೆ ದ್ರವ ಹಾಕಿದ್ದೀರಾ?"

"ಅಂದರೆ... ಪಾಪಂ ಅಮ್ಮಾ... ಭಾನುವಾರ ಎಲ್ಲರ ಮನೆಯಲ್ಲೂ ಕೋಳಿ, ಬಿರಿಯಾನಿ. ಅವು ಮಾತ್ರ..."

"ಈಗ ನಿಮ್ಮ ಕೈಯಲ್ಲಿ ಏನಿದೆ?"

"ಏನೂ ಇಲ್ಲಮ್ಮಾ."

"ಬಾಬ್ಜಿಗಾರು!"

"ಸೀಸೆ."

"ಕೆಳಗಿಡಿ! ಆ ಸೀಸೆ ಕೆಳಗಿಡಿ!" ಎಂದು ಅವಳು ಕೂಗಿದ ರಭಸಕ್ಕೆ ಕೆಳಗೆ ಸಿಗ್ನಲಿನಲ್ಲಿ ನಿಂತ ಸ್ಕೂಟರಿನವನೊಬ್ಬ ಹೌಹಾರಿ ತನ್ನ ಕೈಯಲ್ಲಿದ್ದ ನೀರಿನ ಬಾಟಲಿ ಇಳಿಸಿದ. ಮಾಧವೀಲತಾಳಿಗೆ ಫೋನು ಮಾಡಿದರೆ ಅವಳು ಮೊದಲು ಸಿಟ್ಟಾದಳು, ಆಮೇಲೆ ಬುಧವಾರಗಳಂದು ತಾನೂ ಹಾಕುತ್ತಿದ್ದೆ ಎಂದು ಒಪ್ಪಿಕೊಂಡಳು. "ನೀನು ತಾಯಿ, ನಿನ್ನ ಮನಸ್ಸು ಕಲ್ಲು. ಚಿಕ್ಕಮ್ಮನಾದರೂ ನೋಡಬೇಕು ಕದಾ?"

"ನನ್ನ ಮನಸ್ಸೇನೂ ಕಲ್ಲಲ್ಲವೇ. ಶುಕ್ರವಾರ ನಾನೂ ಹಾಕಿದ್ದೆ" ಎಂದಳು ಹಿಮಬಿಂದು. ಇಬ್ಬರೂ ಫೋನಿನಲ್ಲಿ ಉಸಿರು ಸಿಗದಂತೆ ನಕ್ಕರು.

ನಗುವುದು ಸುಲಭವಾಗಿತ್ತು. ಆಮೇಲಿನ ದಿನಗಳು ಸುಲಭವಾಗಿರಲಿಲ್ಲ. ಸೋಮವಾರ ಬಾಬ್ಜಿ ಹಳೆಯ ಸೀಸೆಯನ್ನು ತಾನೇ ಸಿಂಕಿಗೆ ಸುರಿದು, ಗಣಪತಿ ವಿಸರ್ಜನೆಯಲ್ಲಿ ಮುಗಿಯುವ ಹಾಗೆ ಕೈ ಮುಗಿದ. ಈ ಸಲ ನಿಜವಾಗಿಯೂ ಹಸಿದ ಜೀವಕೋಶಗಳು ಮೊದಲು ಬಡಿತ ಇಳಿಸಿದವು. ಕೆಲವು ತಟ್ಟೆಯಿಂದ ಕಳಚಿ ತೇಲಿದವು. ಮಾಧವೀಲತಾ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತಳು. ಹಿಮಬಿಂದು ಎರಡೂ ಕೈಗಳನ್ನು ಕೋಟಿನ ಜೇಬಿಗೆ ತುರುಕಿಕೊಂಡೇ ಸೂಕ್ಷ್ಮದರ್ಶಕಕ್ಕೆ ಬಗ್ಗಿದಳು. ಹೊರಗಿದ್ದರೆ ಕೈ ಏನು ಮಾಡೀತೋ ಎಂಬ ಭಯ. ಮನೆಯಲ್ಲಿ ತೇಜ ಅತ್ತು ರಂಪ ಮಾಡುತ್ತಿದ್ದ. ಇಬ್ಬರು ಅಜ್ಜಿಯರೂ ಈಗ ಒಬ್ಬರಿಗೊಬ್ಬರು ಪೊಲೀಸು. ಒಬ್ಬರು ಅಡುಗೆಮನೆಗೆ ಹೋದರೆ ಇನ್ನೊಬ್ಬರು ಹಿಂದೆಯೇ.

ಮೊದಲು ಸೋತವನು ತೇಜ. ಗುರುವಾರ ಮಧ್ಯಾಹ್ನ ಅವಳು ಓಡಿಬಂದಾಗ ಬಾಗಿಲಲ್ಲೇ ಅವಳ ಮೇಲೆ ಬಿದ್ದು, ಫ್ಯಾನಿನ ಕಡೆ ಒಮ್ಮೆಯೂ ನೋಡದೆ ಹಾಲು ಕುಡಿದ. ಅಮ್ಮ ಮಾಡಿದ ಉಗ್ಗು, ಅಂದರೆ ಅಕ್ಕಿ ಹೆಸರುಬೇಳೆಯ ಗಂಜಿಯನ್ನೂ ಚಮಚೆ ಕಚ್ಚಿ ತಿಂದ. ಮುಂದಿನ ವಾರ ತಟ್ಟೆಗಳೂ ಸೋತವು. ಪೋಷಕ ದ್ರವದಲ್ಲಿ ಕೊಬ್ಬು ಇಳಿಯತೊಡಗಿತು. ಅಲ್ಲೊಂದು ಇಲ್ಲೊಂದು ಮಿಡಿಯುತ್ತಿದ್ದ ಗುಂಪುಗಳು ಒಂದು ಬೆಳಿಗ್ಗೆ ಒಟ್ಟಾಗಿ, ಒಂದೇ ಉಸಿರಿನಂತೆ ಎದ್ದು ಬಿದ್ದವು. ಅದನ್ನು ಕಂಡ ಕ್ಷಣ ಹಿಮಬಿಂದುವಿನ ಎದೆ ಜುಮ್ಮೆಂದು ಹಾಲಿಳಿದು ಕುರ್ತಾ ಒದ್ದೆಯಾಯಿತು. "ಇವಕ್ಕೂ ಕುಡಿಸುತ್ತೀಯೇನೇ?" ಎಂದು ಮಾಧವೀಲತಾ ದುಪ್ಪಟ್ಟ ಎಸೆದಳು.

ಆದರೆ ಓಡುತ್ತವೆಯೇ? ಅದೊಂದೇ ಪ್ರಶ್ನೆ ಉಳಿದದ್ದು.

ಚಂದ್ರಮೌಳಿ ಬೆಳಗಿನ ರೈಲಿಗೆ ಹೊರಟು ಮಧ್ಯಾಹ್ನ ವಿಶಾಖಪಟ್ಟಣದಲ್ಲಿ ಇಳಿದು, ಊಟ ಬೇಡ ಎಂದು ನೇರ ಪ್ರಯೋಗಾಲಯಕ್ಕೆ ಬಂದರು. ಪೊದೆಯಂಥ ಹುಬ್ಬು, ಇಸ್ತ್ರಿ ಮುರಿಯದ ಅಂಗಿ. "ಊ, ಓಡಿಸಿ" ಎಂದರಷ್ಟೇ.

ಪರದೆಯ ಮೇಲೆ ಎರಡು ಗೆರೆಗಳು. ಮೇಲಿನದು ಬಡಿತ, ಕೆಳಗಿನದು ಒಲೆಗಳ ಬಿಸಿಯನ್ನು ಬೆಳಕಿನ ಮೂಲಕ ತೋರಿಸುವುದು. ಹಿಮಬಿಂದು ವಿದ್ಯುತ್ತಿನ ಗುಂಡಿ ತಿರುಗಿಸಿದಳು. ಬಡಿತ ಏರಿತು. ಕೆಳಗಿನ ಗೆರೆ ಹಾಗೆಯೇ ನಿಂತು, ಮೆಲ್ಲನೆ ಬಾಗಿತು. ಹಿಂದಿನ ಸಲವೂ ಹೀಗೆಯೇ ಬಾಗಿ ಬಾಗಿ ಮಲಗಿಬಿಟ್ಟಿತ್ತು. ಬಾಬ್ಜಿ ಕಣ್ಣು ಮುಚ್ಚಿದ. ಮುಂಜಾವಿನ ಕತ್ತಲಲ್ಲಿ ಅಚ್ಯುತಾಪುರಂ ಬಸ್ಸು ದೀಪ ಉರಿಸಿ ನಿಂತದ್ದು ಹಿಮಬಿಂದುವಿಗೆ ಕಣ್ಣೆದುರೇ ಕಂಡಿತು.

'ಅನ್ನ ಬರ್ಲೀ' ಎಂದು ಅವಳು ಬಾಯೊಳಗೇ ಅಂದುಕೊಂಡಳು.

ಗೆರೆ ತಡವರಿಸಿ ನಿಂತಿತು. ಆಮೇಲೆ ಮೇಲೇರಿತು. ಏರಿ, ಮೊದಲಿದ್ದಲ್ಲಿಗೆ ಬಂದು, ಅಲ್ಲೇ ಕೂತಿತು. ಮೇಲೆ ಬಡಿತ ಓಡುತ್ತಲೇ ಇತ್ತು. ಕೂಗು ಒಳಗೆ ಕೇಳಿಸಿತ್ತು, ಸೌದೆ ದೂಡಿದ್ದರು.

"ಇನ್ನೂ ಹೆಚ್ಚಿಸಿ" ಎಂದರು ಚಂದ್ರಮೌಳಿ.

ಹೆಚ್ಚಿಸಿದಳು. ಬಾಗಿತು, ಎದ್ದಿತು, ನಿಂತಿತು.

"ಇನ್ನೂ."

ಇನ್ನೂ ಓಡಿದವು. ಹಿಮಬಿಂದುವಿಗೆ ತಡೆಯಲಾಗಲಿಲ್ಲ, ತೀರ ಗಂಭೀರವಾದ ಆ ಕೋಣೆಯಲ್ಲಿ ಕಿಲಕಿಲ ನಕ್ಕುಬಿಟ್ಟಳು. ಚಂದ್ರಮೌಳಿ ಹುಬ್ಬು ಏರಿಸಿ ತಿರುಗಿ ನೋಡಿದರು, ಆಮೇಲೆ ಸೂಕ್ಷ್ಮದರ್ಶಕಕ್ಕೆ ಬಗ್ಗಿದರು. ಬಹಳ ಹೊತ್ತು ಎದ್ದೇಳಲಿಲ್ಲ. ಎದ್ದಾಗ ಆ ಹುಬ್ಬುಗಳ ಕೆಳಗೆ ಬೇರೆಯೇ ಮುಖವಿತ್ತು. ತಟ್ಟೆಯ ಅಂಚನ್ನು ಬೆರಳಿನಿಂದ ಸವರಿ, ದನಿ ತಗ್ಗಿಸಿ ಕೇಳಿದರು:

"ಪಾಪಂ, ಇಷ್ಟು ಓಡಿಸಿದೆವು. ಒಂದು ತೊಟ್ಟು ಸಕ್ಕರೆ ಏನಾದರೂ..."

"ವದ್ದು ಸಾರ್!" ಮೂವರೂ ಒಟ್ಟಿಗೆ ಕಿರುಚಿದರು. ಬಾಬ್ಜಿಯಂತೂ ತಟ್ಟೆಗೂ ಅವರಿಗೂ ನಡುವೆ ಬಂದು ನಿಂತ.

ಚಂದ್ರಮೌಳಿ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದರು. "ಸರಿ, ಸರಿ, ಅವಕ್ಕೆ ಬೇಡ. ನನಗಾದರೂ ಏನಾದರೂ ಕೊಡುತ್ತೀರಾ? ಬೆಳಿಗ್ಗೆಯಿಂದ ಬರಿ ಟೀ."

ಹಿಮಬಿಂದು ತನ್ನ ಡಬ್ಬಿ ಬಿಚ್ಚಿ ಮುಂದಿಟ್ಟಳು. ಅತ್ತೆ ಬಡಿದ ಜೋಳದ ರೊಟ್ಟಿ, ಎಣ್ಣೆಗಾಯಿ, ಅಮ್ಮನ ಗೋಂಗೂರ ಪಚ್ಚಡಿ. ಅವರು ಮೇಜಿನ ಮೂಲೆಯಲ್ಲೇ ಕೂತು, ಬೆರಳು ನೆಕ್ಕುತ್ತ, ಪರದೆಯ ಗೆರೆಗಳನ್ನು ನೋಡುತ್ತ ತಿಂದರು. ಕೊನೆಯ ತುತ್ತಿಗೆ, "ಅಚ್ಯುತಾಪುರಂಗೆ ಬೇರೆ ಯಾರನ್ನಾದರೂ ಹುಡುಕುತ್ತೇನೆ. ಈ ಪೆಟ್ಟಿಗೆ ಆರಿಸಬೇಡಿ" ಎಂದರು. ಡಬ್ಬಿಯೊಳಗೆ ಇಣುಕಿ, "ರೊಟ್ಟಿ ಇನ್ನೊಂದಿದೆಯಾ?" ಎಂದು ಕೇಳಿದರು.

ಉತ್ತರ ಹೇಳಲು ಹಿಮಬಿಂದು ಅಲ್ಲಿರಲಿಲ್ಲ. ಕೋಟು ಕಳಚಿ ಮಾಧವೀಲತಾಳ ಕೈಗೆ ತುರುಕಿ, ನಗುತ್ತ, ಎರಡೆರಡು ಮೆಟ್ಟಿಲು ಹಾರುತ್ತ ಕೆಳಗಿಳಿಯುತ್ತಿದ್ದಳು. ತೇಜನ ಹಾಲಿನ ಹೊತ್ತು ಮೀರುತ್ತಿತ್ತು. ಅವನಿಗೀಗ ಭರ್ತಿ ಹಸಿವು.